ಮೆತ್ತಗೆ ಮಾಡಿ ಹೇಳಿದ್ದು

"ಆ ಕೈ ಮೊದಲು ಒಳಗೆ ಇಡು ಮಾರಾಯ್ತಿ. ಡಾಮರು ಹಾಕುವವರ ಕೈಯ ಹಾಗೆ ಉಂಟು. ಮಕ್ಕಳು ಹೆದರಿದ್ರೆ ಯಾರು ಜವಾಬ್ದಾರಿ?"

ಹೆಡ್‌ಮಾಸ್ಟ್ರು ತಾರಾನಾಥರು ಹೀಗೆ ಹೇಳಿದಾಗ ನಾನು ಮೇಜಿನ ಈಚೆ ನಿಂತು ನನ್ನ ತರಬೇತಿಯ ಫಾರ್ಮನ್ನು ಅವರ ಕಡೆಗೆ ಚಾಚಿಕೊಂಡಿದ್ದೆ. ಕೈ ಒಳಗೆ ಇಟ್ಟರೆ ಫಾರ್ಮ್ ಕೊಡುವುದು ಹೇಗೆಂದು ತಿಳಿಯಲಿಲ್ಲ. ಅದನ್ನು ಮೇಜಿನ ತುದಿಯಲ್ಲಿಟ್ಟು ಕೈಗಳನ್ನು ಶಾಲಿನೊಳಗೆ ಸೇರಿಸಿದೆ.

"ಗೇರುಬೀಜದ ಎಣ್ಣೆ ಸರ್. ತೊಳೆದ್ರೆ ಹೋಗುದಿಲ್ಲ."

"ಫ್ಯಾಕ್ಟರಿಗೆ ಹೋಗುವವಳು ಫ್ಯಾಕ್ಟರಿಗೆ ಹೋಗ್ಬೇಕು. ಶಾಲೆಯಲ್ಲಿ ಎಂತ ಕೆಲಸ ನಿನ್ಗೆ?"

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಅಲೆಕ್ಸ್ ನಕ್ಕ. ನಾನೂ ನಕ್ಕೆ. ಏಕೆ ನಕ್ಕೆನೋ ಗೊತ್ತಿಲ್ಲ. ದೊಡ್ಡವರು ನಗುವ ಕಡೆ ನಗದೆ ನಿಂತರೆ ಅಹಂಕಾರ ಅಂದುಕೊಳ್ಳುತ್ತಾರೆಂಬ ಹೆದರಿಕೆ ನನಗೆ ಚಿಕ್ಕಂದಿನಿಂದಲೂ ಉಂಟು.

ಕಾರ್ಕಳದ ಹತ್ತಿರದ ಆ ಪ್ರೌಢಶಾಲೆಗೆ ನಾನು ಸಂಬಳಕ್ಕೆ ಹೋದವಳಲ್ಲ. ಮಣಿಪಾಲದಲ್ಲಿ ಸಂಜೆ ಹೊತ್ತು ನಡೆಯುವ ಸನ್ನೆ ಭಾಷೆಯ ದುಭಾಷಿ ತರಬೇತಿಗೆ ಸೇರಿದ್ದೆ. ಕೊನೆಗೆ ಸರ್ಟಿಫಿಕೇಟ್ ಸಿಗಬೇಕಾದರೆ, ಒಬ್ಬ ಕಿವುಡ ವಿದ್ಯಾರ್ಥಿಯ ಜೊತೆ ನೂರೈವತ್ತು ಗಂಟೆ ತರಗತಿಯಲ್ಲಿ ಕೆಲಸ ಮಾಡಿದ್ದೇನೆಂದು ಆ ಶಾಲೆಯ ಹೆಡ್‌ಮಾಸ್ಟ್ರು ಸಹಿ ಹಾಕಬೇಕು. ಸರ್ಟಿಫಿಕೇಟ್ ಇದ್ದರೆ ಶಾಲೆಗಳಲ್ಲಿ ದುಭಾಷಿ ಕೆಲಸಕ್ಕೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಬೀಜ ಒಡೆಯುವುದು. ಎಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಆ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಕಾರ್ಖಾನೆ, ಒಂಬತ್ತೂವರೆಗೆ ಶಾಲೆಗೆ ಓಟ, ಸಂಜೆ ಹಿರಿಯಡ್ಕದ ದಾರಿಯಾಗಿ ಬಸ್ಸಿನಲ್ಲಿ ನಿಂತುಕೊಂಡೇ ಮಣಿಪಾಲ.

ನನ್ನ ಅಣ್ಣ ವಿಠಲ ಹುಟ್ಟು ಕಿವುಡ. ಕಾಪುವಿನ ಕಡಲ ಬದಿಯಲ್ಲಿ ಮೀನಿನ ಬುಟ್ಟಿ ಹೊರುತ್ತಾನೆ. ಅವನು ಶಾಲೆಯೊಳಗೆ ಕಾಲಿಟ್ಟವನಲ್ಲ. ಮನೆಯಲ್ಲಿ ಅವನ ಜೊತೆ ಆಡುತ್ತಿದ್ದ ಕೈಸನ್ನೆಯೇ ನಾನು ಆ ತರಬೇತಿಗೆ ತೆಗೆದುಕೊಂಡು ಹೋದ ಓದು.

"ಸರಿ, ಬಾ," ಎಂದರು ಹೆಡ್‌ಮಾಸ್ಟ್ರು ಕೊನೆಗೆ. ಮೇಲಿನಿಂದ ಏನೋ ಸುತ್ತೋಲೆ ಬಂದಿತ್ತಂತೆ, ಬೇಡ ಅನ್ನುವ ಹಾಗಿರಲಿಲ್ಲ. "ಒಂಬತ್ತನೆಯಲ್ಲಿ ಒಂದು ಮೂಗಿ ಉಂಟು. ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರ್ತದೆ, ಯಾರಿಗೂ ತೊಂದ್ರೆ ಇಲ್ಲ. ನೀನು ಬಂದು ಅದಕ್ಕೊಂದು ಬಾಯಿ ಕೊಡ್ಬೇಡ. ಗೊತ್ತಾಯ್ತಲ್ವಾ?"

ಆ ಹುಡುಗಿಯ ಹೆಸರು ದೀಕ್ಷಿತಾ. ನಮ್ಮಂತೆಯೇ ದಲಿತರ ಕಾಲನಿಯವರು. ತಾಯಿ ಸುಂದರಿ ಹಿರಿಯಡ್ಕದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ದೀಕ್ಷಿತಾ ಒಂಬತ್ತು ವರ್ಷ ಬೋರ್ಡಿನ ಮೇಲಿದ್ದದ್ದನ್ನು ಅಕ್ಷರ ತಪ್ಪದೆ ನಕಲು ಮಾಡಿದ್ದಳು, ಒಂದು ಸಾಲೂ ತಿಳಿಯದೆ. ಮನೆಯಲ್ಲಿ ತಾಯಿಯ ಜೊತೆಗಿನ ಕೈಸನ್ನೆ, ಹಿಂದೆ ಒಂದು ಕ್ಯಾಂಪಿನಲ್ಲಿ ಎರಡು ಬೇಸಿಗೆ ಸನ್ನೆ ಭಾಷೆ ಕಲಿತದ್ದು, ಇಷ್ಟು ಬಿಟ್ಟರೆ ಅವಳ ಜೊತೆ ಮಾತನಾಡಿದವರಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತು ಬಾಯಿ ತೆರೆಯುವುದು ಏನಕ್ಕೆಂದು ಮೊದಲ ವಾರ ನನ್ನನ್ನು ಕೇಳಿದಳು. ಪ್ರಾರ್ಥನೆ, ಹಾಡು, ಎಂದೆ. ಅವಳು ಇಷ್ಟು ವರ್ಷ ಅದನ್ನು ಹಾಜರಿ ಅಂದುಕೊಂಡಿದ್ದಳಂತೆ. ತನ್ನನ್ನು ಬಿಟ್ಟುಬಿಟ್ಟರೆ ಎಂದು ತಾನೂ ದಿನಾ ಬಾಯಿ ತೆರೆದು ಮುಚ್ಚುತ್ತಿದ್ದಳಂತೆ. ಹೇಳಿ ನಕ್ಕಳು. ನನಗೆ ನಗಲಿಕ್ಕೆ ಆಗಲಿಲ್ಲ.

ಕಿವುಡರು ಎಲ್ಲರಿಗೂ ಕೈಯಲ್ಲೊಂದು ಹೆಸರಿಡುತ್ತಾರೆ. ಹೆಡ್‌ಮಾಸ್ಟರಿಗೆ ಜೇಬಿನ ಮೇಲೆ ಎರಡು ಬೆರಳು, ಅವರ ಎರಡು ಪೆನ್ನು. ನನಗೆ, ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುವುದು, ಬೀಜದ ಸಿಪ್ಪೆ ತೆಗೆಯುವ ಹಾಗೆ.

ತರಬೇತಿಯಲ್ಲಿ ನಮಗೆ ಕಲಿಸುವ ಫಿಯೋನಾ ಮೇಡಂ ಶಿರ್ವದವರು, ಸ್ವತಃ ಕಿವುಡರು. ಮೊದಲ ದಿನವೇ ಅವರು ಹೇಳಿಕೊಟ್ಟದ್ದು ಇಷ್ಟು: ಕೋಣೆಯಲ್ಲಿ ಕಿವಿಗೆ ಬಿದ್ದದ್ದೆಲ್ಲ ಕೈಗೆ ಬರಬೇಕು. ಕಿವುಡರು ಕೈಯಲ್ಲಿ ಹೇಳಿದ್ದು 'ನಾನು' ಎಂದೇ ನಿಮ್ಮ ಬಾಯಿಗೆ ಬರಬೇಕು, 'ಅವಳು ಹೇಳುತ್ತಾಳೆ' ಎಂದಲ್ಲ. ಸೇರಿಸಬಾರದು, ಬಿಡಬಾರದು, ಮೆತ್ತಗೆ ಮಾಡಬಾರದು. ನಾನು ಇದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬಸ್ಸಿನಲ್ಲಿ ಬಾಯಿಪಾಠ ಮಾಡಿದೆ. ಬಾಯಿಪಾಠ ಮಾಡಿದ್ದನ್ನು ಮೊದಲ ತಿಂಗಳಲ್ಲೇ ಮುರಿದೆ.

ಹುಡುಗರು ದೀಕ್ಷಿತಾಳನ್ನು ಕಂಡಾಗಲೆಲ್ಲ ಒಂದು ಮಾತು ಹೇಳುತ್ತಿದ್ದರು. ಅವಳು ಕೇಳಿದಳು: "ತುಟಿ ಮುಚ್ಚುತ್ತದೆ, ಉರುಟಾಗುತ್ತದೆ, ಮತ್ತೆ ಅಗಲವಾಗುತ್ತದೆ. ಏನದು?"

ಮೂಗಿ ಎಂದು ಹೇಳಬೇಕಿತ್ತು. ಅವಳ ಮುಖ ನೋಡಿದೆ. "ಗೆಳೆಯರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆ," ಎಂದು ಸನ್ನೆ ಮಾಡಿದೆ.

ಮರುದಿನ ಅವಳು ಬಾಗಿಲಲ್ಲಿ ನಿಂತ ಹುಡುಗರ ಕಡೆ ತಿರುಗಿ, ತುಟಿ ಮುಚ್ಚಿ, ಉರುಟು ಮಾಡಿ, ಅಗಲಿಸಿ, ಅದೇ ಮಾತನ್ನು ಅವರಿಗೆ ಹೇಳಿ ಮುಗುಳ್ನಕ್ಕಳು. ಹುಡುಗರು ಬಿದ್ದು ಬಿದ್ದು ನಕ್ಕರು. "ಮೂಗಿ ನಮ್ಗೇ ಮೂಗಿ ಅಂತಾಳೆ ಮಾರಾಯ!" ಅವಳು ನನ್ನ ಕಡೆ ನೋಡಿ, ಗೆಳೆಯರಾದರು, ಎಂದಳು.

ಆಗಲೇ ತಿದ್ದಬಹುದಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ.

ಫೆಬ್ರವರಿ ಕೊನೆಯಲ್ಲಿ ಹೆಡ್‌ಮಾಸ್ಟ್ರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಎರಡು ಕಾಗದ. ಒಂದು ನನ್ನ ಫಾರ್ಮ್, ಗಂಟೆಗಳೆಲ್ಲ ತುಂಬಿ ಸಹಿಯ ಜಾಗ ಮಾತ್ರ ಖಾಲಿ ಇದ್ದದ್ದು. ಅದರ ಮೇಲೆ ಅವರ ಅಂಗೈ ಇತ್ತು.

"ಹನ್ನೊಂದು ವರ್ಷದಿಂದ ಹತ್ತನೆಯಲ್ಲಿ ನೂರಕ್ಕೆ ನೂರು ರಿಸಲ್ಟ್. ಗೇಟಿನಲ್ಲಿ ಬೋರ್ಡು ನೋಡಿದ್ದೀಯಲ್ವಾ? ಈ ಕೆಪ್ಪಿ ಹತ್ತನೆಗೆ ಬಂದ್ರೆ ಆ ಬೋರ್ಡು ನಾನು ಇಳಿಸ್ಬೇಕು."

"ಲೆಕ್ಕದಲ್ಲಿ ಪಾಸಾಗ್ತಾಳೆ ಸರ್. ಮೊನ್ನೆಯ ಟೆಸ್ಟಲ್ಲಿ..."

"ನಿನ್ನ ಹತ್ರ ಕೇಳಿದ್ದಾ ನಾನು?"

ಇನ್ನೊಂದು ಕಾಗದವನ್ನು ಅವರು ದೀಕ್ಷಿತಾಳ ಮುಂದೆ ಸರಿಸಿದರು. ಆಫೀಸಿನಲ್ಲೇ ಬರೆದು ತಯಾರಿಟ್ಟ ಪತ್ರ: ನಾನು ಸ್ವ ಇಚ್ಛೆಯಿಂದ ಈ ಶಾಲೆಯನ್ನು ಬಿಡುತ್ತಿದ್ದು, ನನ್ನ ಟಿ.ಸಿ. ನೀಡಬೇಕಾಗಿ ವಿನಂತಿ.

"ಹೇಳು ಅವಳಿಗೆ. ಇಲ್ಲಿದ್ರೆ ಫೇಲ್ ಆಗಿ ನಮ್ಮ ಮರ್ಯಾದೆ ತೆಗೀತಾಳೆ. ಈ ಕಾಲನಿಯ ಮಕ್ಕಳು ಓದಿ ಎಂತ ಆಗ್ಲಿಕ್ಕುಂಟು? ಅಮ್ಮನ ಜೊತೆ ಹೋಟೆಲಿಗೆ ಹೋಗ್ಲಿ. ಪಾತ್ರೆ ತೊಳೀಲಿಕ್ಕೆ ಕಿವಿ ಬೇಡ."

ಎದುರಿಗೇ ಹೇಳಿದರು, ಅವಳ ಮುಖವನ್ನೇ ನೋಡುತ್ತ, ಮಗುವಿಗೆ ಮಿಠಾಯಿ ಕೊಡುವವರ ಹಾಗೆ ನಗುತ್ತ. ಅವಳೂ ನಕ್ಕಳು. ಆಮೇಲೆ ನನ್ನ ಕೈ ನೋಡಿದಳು.

"ಆಲೋಚನೆ ಎಂತದು? ಕೆಪ್ಪರಿಗೆ ಎಲ್ಲಿಯೋ ಬೇರೆ ಶಾಲೆ ಇರ್ತದಲ್ವಾ, ಅದನ್ನೇ ಹೇಳು. ನಿನ್ನ ಕಾಗದ ಇಲ್ಲೇ ಉಂಟು."

ನಾನು ಕೈ ಎತ್ತಿದೆ. "ಸರ್‌ಗೆ ನೀನೆಂದರೆ ಇಷ್ಟ. ನಿನಗಾಗಿ ಹೊಸ ಶಾಲೆ ನೋಡಿದ್ದಾರೆ. ಅಲ್ಲಿ ಎಲ್ಲ ಮಕ್ಕಳೂ ಕೈಯಲ್ಲೇ ಮಾತಾಡುತ್ತಾರೆ. ಸೀಟು ಸಿಕ್ಕಿದೆ."

ದೀಕ್ಷಿತಾಳ ಕಣ್ಣು ದೊಡ್ಡದಾಯಿತು. "ಎಲ್ಲರೂ? ಟೀಚರೂ?"

"ಟೀಚರೂ."

"ನೀನು ಬರುತ್ತೀಯಾ?"

"ಬರುತ್ತೇನೆ."

ಅವಳು ಉರುಟು ಅಕ್ಷರದಲ್ಲಿ, ಗೆರೆಯ ಮೇಲೆ ಸರಿಯಾಗಿ ಕೂರುವ ಹಾಗೆ, ತನ್ನ ಹೆಸರು ಬರೆದಳು. ಪೆನ್ನಿನ ಮುಚ್ಚಳ ಹಾಕಿ ಎರಡೂ ಕೈಯಲ್ಲಿ ಹಿಡಿದು ಹೆಡ್‌ಮಾಸ್ಟರಿಗೆ ವಾಪಸು ಕೊಟ್ಟಳು.

"ನೋಡು, ಎಷ್ಟು ಸುಲಭ! ನೀನು ಪರವಾಗಿಲ್ಲ, ಕೆಲಸಕ್ಕೆ ಬರ್ತೀ," ಎಂದರು ಅವರು. "ಗುರುವಾರ ಅವಳ ಅಮ್ಮನಿಗೆ ಬರ್ಲಿಕ್ಕೆ ಹೇಳಿದ್ದೇನೆ. ಅದರ ಹೆಬ್ಬೆಟ್ಟು ಬಿದ್ದ ಕೂಡ್ಲೆ ನಿನ್ನ ಫಾರ್ಮಿಗೂ ಸಹಿ."

ಆ ಸಂಜೆ ತರಗತಿ ಮುಗಿದ ಮೇಲೆ ನಾನು ಫಿಯೋನಾ ಮೇಡಂ ಎದುರು ನಿಂತೆ. ಹತ್ತನೆಗೆ ಹೊಸಬರನ್ನು ಕಿವುಡರ ಶಾಲೆಗಳಲ್ಲಿ ಸೇರಿಸಿಕೊಳ್ಳುತ್ತಾರಾ ಎಂದು ಕೇಳಿದೆ. ಕೈ ಸರಿಯಾಗಿ ಓಡಲಿಲ್ಲ, ಎರಡು ಸಲ ಕೇಳಬೇಕಾಯಿತು.

"ಇಲ್ಲ. ಎಷ್ಟೋ ಮಕ್ಕಳಿಗಾಗಿ ಕೇಳಿ ನೋಡಿದ್ದೇನೆ. ಒಂದು ಕಡೆಯೂ ಇಲ್ಲ. ಯಾರಿಗೆ?"

"ಸುಮ್ಮನೆ ಕೇಳಿದೆ."

ಮುಖ ಓದುವುದೇ ಬದುಕಾದವರ ಎದುರು ಸುಮ್ಮನೆ ಎಂದರೆ ನಡೆಯುವುದಿಲ್ಲ. ಮೇಡಂ ಬ್ಯಾಗನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನನಗೆ ಇಪ್ಪತ್ತೆರಡು ವರ್ಷ ಆಗಿದ್ದಾಗ ಒಂದು ಸಂಬಂಧ ಬಂತು," ಎಂದರು. ಅವರ ಕೈ ನಿಧಾನವಾಗಿ ಆಡುತ್ತಿತ್ತು. "ದುಬೈಯ ಹುಡುಗ. ಅವನ ಮನೆಯವರು ನೋಡಿ ಹೋದರು. ಏನು ಹೇಳಿದರು ಎಂದು ಅಕ್ಕನನ್ನು ಕೇಳಿದೆ. ಹುಡುಗನಿಗೆ ರಜೆ ಸಿಕ್ಕಿದ ಮೇಲೆ ಮಾತು ಎಂದಳು. ಅವರು ಹೇಳಿದ್ದು, ಕೆಪ್ಪಿಯನ್ನು ಯಾರು ತೆಗೆದುಕೊಂಡು ಹೋಗುತ್ತಾರೆ ಎಂದು. ಅಕ್ಕ ಒಳ್ಳೆಯವಳು. ನನಗೆ ನೋವಾಗಬಾರದೆಂದು ಹಾಗೆ ಹೇಳಿದಳು. ನಾನು ಅವನ ರಜೆಗೆ ಎರಡು ವರ್ಷ ಕಾದೆ."

ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಹೋದರು.

ಗುರುವಾರದವರೆಗೆ ಮೂರು ದಿನ ಇತ್ತು. ಮೂರು ದಿನವೂ ದೀಕ್ಷಿತಾಳಿಗೆ ಹೇಳಬೇಕೆಂದು ಹೋಗಿ ಹೇಳದೆ ಬಂದೆ. ಅವಳು ಹೊಸ ಶಾಲೆಯ ಬಗ್ಗೆ ಪ್ರಶ್ನೆಗಳನ್ನು ಪುಸ್ತಕದ ಹಿಂದೆ ಚಿತ್ರ ಮಾಡಿಟ್ಟುಕೊಂಡು ಒಂದೊಂದಾಗಿ ಕೇಳುತ್ತಿದ್ದಳು. ಅಲ್ಲಿ ಬೆಲ್ಲಿನ ಬದಲು ದೀಪ ಹೊತ್ತಿಸುತ್ತಾರಾ? ಅಲ್ಲಿಯ ಹುಡುಗಿಯರು ಕತ್ತಲಾದ ಮೇಲೆ ಹೇಗೆ ಮಾತಾಡುತ್ತಾರೆ? ನಾನು ಉತ್ತರ ಕೊಟ್ಟೆ. ಕಾರ್ಖಾನೆಯಲ್ಲಿ ಬೀಜ ಒಡೆಯುವಾಗ ಬೆರಳಿಗೆ ಎರಡು ಸಲ ಏಟು ಬಿತ್ತು. ನನಗೆ ಸರ್ಟಿಫಿಕೇಟ್ ಬೇಕಿತ್ತು. ಬೇಡವೆಂದು ಒಮ್ಮೆಯೂ ಅನ್ನಿಸಲಿಲ್ಲ. ಇದನ್ನು ಮುಚ್ಚಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ.

ಗುರುವಾರ ಸುಂದರಿ ಹೋಟೆಲಿನಿಂದ ನೇರ ಬಂದಿದ್ದಳು, ಸೀರೆಯ ಅಂಚು ಒದ್ದೆ. ಖಾಲಿ ಕುರ್ಚಿ ಎರಡಿದ್ದವು. ಕುಳಿತುಕೋ ಎಂದು ಯಾರೂ ಹೇಳಲಿಲ್ಲ. ದೀಕ್ಷಿತಾ ತಾಯಿಯ ಪಕ್ಕದಲ್ಲಿ ನಿಂತಳು, ನಾನು ಹೆಡ್‌ಮಾಸ್ಟರ ಪಕ್ಕದಲ್ಲಿ, ಅವಳಿಗೆ ನನ್ನ ಕೈ ಕಾಣುವ ಹಾಗೆ. ಅಲೆಕ್ಸ್ ಇಂಕ್ ಪ್ಯಾಡ್ ತಂದಿಟ್ಟ.

"ನನಗೆ ಸಹಿ ಬರ್ತದೆ ಸರ್," ಎಂದಳು ಸುಂದರಿ.

"ಓಹೋ! ಒಳ್ಳೆದಾಯ್ತು. ಹಾಗಾದ್ರೆ ಬೇಗ ಹಾಕು. ಆಮೇಲೆ ಇವಳ ಕಾಗದಕ್ಕೂ ನಾನು ಸಹಿ ಹಾಕ್ಲಿಕ್ಕುಂಟು."

"ಹಾಕ್ತೇನೆ. ಮಗಳು ಮೂರು ದಿನದಿಂದ ಕುಣೀತಾ ಉಂಟು, ಹೊಸ ಶಾಲೆ ಅಂತ. ಅದು ಎಲ್ಲಿ ಆಗ್ತದೆ ಸರ್? ನಾನು ಬಿಟ್ಟು ಬರ್ಬೇಕಲ್ವಾ?"

"ಯಾವ ಶಾಲೆ?"

"ಸೀಟು ಸಿಕ್ಕಿದ ಶಾಲೆ."

"ಸೀಟು ಹಂಚ್ಲಿಕ್ಕೆ ನಾನೆಂತ ಮಂತ್ರಿಯಾ? ಶಾಲೆ ನೀವೇ ಹುಡುಕಿಕೊಳ್ಳುದು. ಇಲ್ಲಿಂದ ಹೋಗುದಷ್ಟೇ ನನ್ನ ಲೆಕ್ಕ."

ಸುಂದರಿ ಪೆನ್ನು ಹಿಡಿದವಳು ಹಾಗೇ ನಿಂತಳು. ದೀಕ್ಷಿತಾ ನನ್ನ ಕಡೆ ನೋಡುತ್ತಿದ್ದಳು. ಒಂಬತ್ತು ವರ್ಷ ಯಾವ ಕೋಣೆಯಲ್ಲೂ ಏನು ನಡೆಯುತ್ತಿದೆಯೆಂದು ತಿಳಿಯದೆ ನಿಂತವಳು, ಈಗ ತಿಳಿಯುತ್ತದೆಂದು ನಂಬಿ ನೋಡುತ್ತಿದ್ದಳು. ನನ್ನ ಕೈ ಎದ್ದಿತು. ಧೈರ್ಯದಿಂದ ಎದ್ದಿತೆಂದು ಹೇಳಲಾರೆ. ಅವಳು ಹಾಗೆ ನೋಡುತ್ತಿದ್ದುದನ್ನು ಮೂರು ದಿನಕ್ಕಿಂತ ಹೆಚ್ಚು ತಡೆದುಕೊಳ್ಳಲು ನನ್ನಿಂದಾಗಲಿಲ್ಲ, ಅಷ್ಟೆ.

ಶಾಲೆ ಇಲ್ಲ, ಎಂದು ಸನ್ನೆ ಮಾಡಿದೆ. ನೀವೇ ಹುಡುಕಿಕೊಳ್ಳಿ, ಇಲ್ಲಿಂದ ಹೋಗುವುದಷ್ಟೇ ನನ್ನ ಲೆಕ್ಕ.

ಹೆಡ್‌ಮಾಸ್ಟ್ರು ಸುಂದರಿಯ ಕಡೆಗೇ ತಿರುಗಿದ್ದರು. "ಎಂತ ನೋಡುದು? ಕೆಪ್ಪಿಯನ್ನು ಹಡೆದದ್ದಲ್ಲದೆ ಅದನ್ನು ನನ್ನ ತಲೆಗೆ ಕಟ್ತೀಯಾ? ನಿಮ್ಮ ಕಾಲನಿಯವರಿಗೆ ಸರಕಾರ ಎಲ್ಲ ಪುಕ್ಕಟೆ ಕೊಟ್ಟು ಕೊಟ್ಟು ಕೊಬ್ಬು. ಇವಳು ಕೂತ ಬೆಂಚಲ್ಲಿ ಒಂದು ಕಲ್ಲು ಇಟ್ರೂ ರಿಸಲ್ಟ್ ಹಾಳಾಗುದಿಲ್ಲ."

ಕೆಪ್ಪಿ. ಹಡೆದದ್ದು. ಕೊಬ್ಬು. ಕಲ್ಲು. ಒಂದನ್ನೂ ಬಿಡಲಿಲ್ಲ. ಅವರು ಮೂಗು ಸೊಟ್ಟ ಮಾಡಿದ್ದನ್ನೂ ನನ್ನ ಮುಖಕ್ಕೆ ತಂದುಕೊಂಡೆ.

"ಏಯ್! ಅದೆಲ್ಲ ಯಾಕೆ ಆಡಿಸ್ತೀ ಅವಳಿಗೆ? ಅದು ನಮ್ಮೊಳಗಿನ ಮಾತು."

ಅದನ್ನೂ ಸನ್ನೆ ಮಾಡಿದೆ.

"ನಿಲ್ಸು ಅಂದೆ!"

ನಿಲ್ಲಿಸು ಎಂದೆ, ಎಂದು ಸನ್ನೆ ಮಾಡಿದೆ. ಅಲೆಕ್ಸನಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡ.

ದೀಕ್ಷಿತಾಳ ಕೈ ಮೊದಲು ಬಹಳ ಚಿಕ್ಕದಾಗಿ, ಎದೆಯ ಹತ್ತಿರವೇ ಆಡಿತು. ನಾನು ಬಾಯಿ ತೆರೆದೆ. ನನ್ನ ಗಂಟಲಲ್ಲಿ ಅವಳ ಮಾತು ಬರಬೇಕು.

"ಮೊನ್ನೆ ಪತ್ರ ಕೊಟ್ಟಾಗಲೂ ನೀವು ಇದನ್ನೇ ಹೇಳಿದ್ದಾ ಸರ್?"

"ಎಂತ? ನನ್ನ ಹತ್ರ ಪ್ರಶ್ನೆ ಕೇಳ್ತೀಯೇನೆ ನೀನು?" ಹೆಡ್‌ಮಾಸ್ಟ್ರು ನನ್ನ ಮೇಲೆ ಹರಿಹಾಯ್ದರು.

ದೀಕ್ಷಿತಾ ಅವರನ್ನು ನೋಡಲಿಲ್ಲ. ನನ್ನ ಕಡೆಗೆ ತಿರುಗಿದಳು. ಈಗ ಅವಳ ಕೈ ದೊಡ್ಡದಾಗಿ ಆಡುತ್ತಿತ್ತು, ಬೆರಳು ನನ್ನ ಎದೆಗೆ ತಾಗುವಷ್ಟು ಹತ್ತಿರ. ಬಿಡಬಾರದು. ಮೆತ್ತಗೆ ಮಾಡಬಾರದು. ನಾನು ಗಟ್ಟಿಯಾಗಿ ಹೇಳಿದೆ.

"ಈ ಅಕ್ಕ ನನಗೆ ಸುಳ್ಳು ಹೇಳಿದಳು. ಸರ್‌ಗೆ ನಾನೆಂದರೆ ಇಷ್ಟ ಎಂದಳು. ಸೀಟು ಸಿಕ್ಕಿದೆ ಎಂದಳು. ತಾನೂ ಬರುತ್ತೇನೆ ಎಂದಳು. ಅದಕ್ಕೆ ನಾನು ಸಹಿ ಹಾಕಿದೆ." ಉಸಿರು ಸಾಲಲಿಲ್ಲ. ಅವಳ ಕೈ ನಿಲ್ಲಲಿಲ್ಲ. "ಹುಡುಗರು ನನ್ನನ್ನು ಏನು ಕರೆಯುತ್ತಾರೆ? ಅದೂ ಸುಳ್ಳಾ?"

ಇದಕ್ಕೆ ಉತ್ತರ ಕೊಡಬೇಕಾದವಳು ನಾನೇ. ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದೆ. "ಅದೂ ಸುಳ್ಳು. ಅವರು ಮೂಗಿ ಅಂತಾರೆ."

ಸುಂದರಿ ಪೆನ್ನನ್ನು ಮೇಜಿನ ಮೇಲೆ ಎಸೆದಳು. ಅವಳು ಹೆಡ್‌ಮಾಸ್ಟರ ಕಡೆ ಹೋಗುತ್ತಾಳೆಂದುಕೊಂಡೆ, ನನ್ನ ಕಡೆ ಬಂದಳು. "ಅವರು ಬಿಡು, ಅವರು ಹಾಗೇ. ನೀನು ನಮ್ಮವಳೇ ಅಲ್ವೇನೇ, ಬೇವರ್ಸಿ? ಒಂದು ಕಾಗದದ ಆಸೆಗೆ ನನ್ನ ಮಗುವಿನ ಕೈಯಿಂದಲೇ ಅದರ ಕುತ್ತಿಗೆ ಕೊಯ್ಸಿದ್ಯಲ್ಲ! ಥೂ!"

ನಾನು ಅದನ್ನೂ ದೀಕ್ಷಿತಾಳಿಗೆ ಸನ್ನೆ ಮಾಡಿದೆ. ಕೊನೆಯ ಥೂ ಕೂಡ.

ದೀಕ್ಷಿತಾ ಇನ್ನೊಂದೇ ಮಾತು ಹೇಳಿದಳು. "ನನಗೆ ತಿಳಿಯದೆ ಹಾಕಿದ ಸಹಿ ಅದು. ನಾನು ಶಾಲೆ ಬಿಡುವುದಿಲ್ಲ." ನಾನು ಅದನ್ನು ಹೇಳಿ ಮುಗಿಸುವುದರೊಳಗೆ ಅವಳು ಬಾಗಿಲು ದಾಟಿದ್ದಳು.

"ಪತ್ರದಲ್ಲಿ ಸಹಿ ಉಂಟು. ಅದು ಸಾಕು," ಎಂದು ಹೆಡ್‌ಮಾಸ್ಟ್ರು ಪತ್ರವನ್ನು ಕಡತದೊಳಗೆ ಹಾಕಿದರು. ಆಮೇಲೆ ಸುಂದರಿಯನ್ನು ಹೊರಗೆ ಕಳಿಸಲು ಅಲೆಕ್ಸನಿಗೆ ಹೇಳಿ, ನನ್ನನ್ನು ಕರೆದುಕೊಂಡು ಒಂಬತ್ತನೆ ತರಗತಿಗೆ ನಡೆದರು.

ಲೆಕ್ಕದ ಪೀರಿಯಡ್ಡು. ಭವ್ಯಶ್ರೀ ಟೀಚರ್ ಬೋರ್ಡಿನ ಮುಂದೆ ನಿಂತಿದ್ದರು. ದೀಕ್ಷಿತಾ ಹಿಂದಿನ ಬೆಂಚಿಗೆ ಹೋಗಿರಲಿಲ್ಲ. ಮೊದಲನೆ ಬೆಂಚಿನ ತುದಿಯಲ್ಲಿ ಕುಳಿತು ಪುಸ್ತಕದ ಮೇಲೆ ತಲೆ ಬಗ್ಗಿಸಿದ್ದಳು. ಅಲ್ಲಿ ಕುಳಿತಿದ್ದ ಹುಡುಗಿ ಮುದುಡಿ ಜಾಗ ಬಿಟ್ಟಿದ್ದಳು.

"ಏಳೇ!" ಎಂದರು ಹೆಡ್‌ಮಾಸ್ಟ್ರು.

ತರಗತಿಯಲ್ಲಿ ಎಲ್ಲರೂ ಎದ್ದು ನಿಂತರು, ಅವಳೊಬ್ಬಳು ಬಿಟ್ಟು. ಹಿಂದೆ ಬಂದ ಅಲೆಕ್ಸ್ ಅವಳ ಬೆಂಚಿಗೆ ಎರಡು ಸಲ ಗುದ್ದಿದ. ಮರದ ನಡುಕ ಅವಳಿಗೆ ಗೊತ್ತಾಗದೆ ಇರುವುದಿಲ್ಲ. ಅವಳು ಕತ್ತು ಎತ್ತಲಿಲ್ಲ. ನೋಡದಿದ್ದವಳಿಗೆ ಯಾರೂ ಏನನ್ನೂ ಹೇಳುವ ಹಾಗಿಲ್ಲ.

ಹೆಡ್‌ಮಾಸ್ಟ್ರು ನನ್ನ ಕಿವಿಯ ಹತ್ತಿರ ಬಂದರು. ಸ್ವರ ತಗ್ಗಿತ್ತು, ಮೊದಲ ಬಾರಿಗೆ ಹೆಸರು ಹಿಡಿದು ಕರೆದರು. "ಕುಶಲಾ, ನೋಡಮ್ಮ. ನಾವು ಗಂಡಸರು ಹೆಣ್ಣು ಮಗುವನ್ನು ಮುಟ್ಟಿದ್ರೆ ನಾಳೆ ಕೇಸು. ನೀನು ಭುಜ ಮುಟ್ಟಿ ಹೊರಗೆ ಕರ್ಕೊಂಡು ಬಾ. ಗೇಟು ದಾಟಿದ್ರೆ ಸಾಕು. ನಿನ್ನ ಫಾರ್ಮಿಗೆ ಇಲ್ಲೇ, ಈಗಲೇ ಸಹಿ ಹಾಕ್ತೇನೆ. ಆದದ್ದೆಲ್ಲ ಆಯ್ತು." ಜೇಬಿನಿಂದ ಪೆನ್ನು ತೆಗೆದರು. ಫಾರ್ಮ್ ಅವರ ಕೈಯಲ್ಲೇ ಇತ್ತು. ಯಾವಾಗ ತಂದಿದ್ದರೋ.

ನಾನು ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಕಟ್ಟಿಕೊಂಡೆ. ಇನ್ನು ಕಾರ್ಖಾನೆಯಲ್ಲಿ ಪೂರ್ತಿ ದಿನದ ಕೆಲಸ ಕೊಡುತ್ತಾರೋ ಇಲ್ಲವೋ ಎಂದು ಆಲೋಚಿಸುತ್ತಿದ್ದೆ. ನಿಜಕ್ಕೂ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ಅದೇ.

"ಮುಟ್ಟುದಿಲ್ಲ ಸರ್."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಫಾರ್ಮನ್ನು ನಾಲ್ಕು ಮಡಿಕೆ ಮಾಡಿ, ಉಗುರಿನಿಂದ ಗೀರಿ, ಹರಿದು ಅಲೆಕ್ಸನ ಕೈಗೆ ಕೊಟ್ಟರು. "ಟೀಚರ್, ನೀವು ಪಾಠ ಮಾಡಿ. ಇವರ ನಾಟಕ ಎಷ್ಟು ಹೊತ್ತು ನಡೀತದೆ ನೋಡುವ." ಹಾಗೆಂದು ಬಾಗಿಲಿಗೆ ಅಡ್ಡ ನಿಂತರು.

ಭವ್ಯಶ್ರೀ ಟೀಚರ್ ಸೀಮೆಸುಣ್ಣ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಬಿಟ್ಟಲ್ಲಿಂದ ಹೇಳತೊಡಗಿದರು. ಎರಡು ಸಮಾಂತರ ರೇಖೆಗಳು. ಅವನ್ನು ಅಡ್ಡ ಹಾಯುವ ಇನ್ನೊಂದು ರೇಖೆ.

ನಾನು ಹೋಗಿ ಬೋರ್ಡಿನ ಪಕ್ಕದಲ್ಲಿ, ದಿನಾ ನಿಲ್ಲುವ ಜಾಗದಲ್ಲಿ ನಿಂತು ಕೈ ಬಿಚ್ಚಿದೆ. ಎರಡು ಸಮಾಂತರ ರೇಖೆಗಳು, ಎಂದು ಸನ್ನೆ ಮಾಡಿದೆ. ದೀಕ್ಷಿತಾ ತಲೆ ಎತ್ತಿದಳು. ಬೋರ್ಡು ನೋಡಿದಳು, ನನ್ನನ್ನಲ್ಲ. ಬರೆದದ್ದನ್ನು ಅಕ್ಷರ ತಪ್ಪದೆ ಪುಸ್ತಕಕ್ಕೆ ಇಳಿಸಿಕೊಂಡು ಮತ್ತೆ ತಲೆ ಬಗ್ಗಿಸಿದಳು.

ಟೀಚರ್ ಹೇಳುತ್ತ ಹೋದರು. ನಾನು ಒಂದು ಮಾತೂ ಬಿಡದೆ ಕೈ ಆಡಿಸುತ್ತ ಹೋದೆ.